ಥಾಯ್ ಕಲಿತದ್ದೂ ಇವರ ಹೆಸರು ಹೇಳಿದ್ದೂ

ಮೊನ್ನೆ ಚನ್ನಗಿರಿ ಸಂತೆಯಲ್ಲಿ ಟೊಮೆಟೊ ಮಾರುವ ಹೆಂಗಸು ಬೆಲೆ ಹೇಳಿದ ಕೂಡಲೇ ನನ್ನ ಬಾಯಿಂದ "ಫೇಂಗ್! ಫೇಂಗ್ ಮಾಕ್!" ಎಂದು ಬಂದುಬಿಟ್ಟಿತು. ಆಕೆ ತಕ್ಕಡಿ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾಕವ್ವಾ, ಗಂಟಲಾಗೆ ಏನಾರ ಸಿಕ್ಕೊಂಡೈತೇನು?"

"ಇಲ್ಲವ್ವಾ, ಭಾಳ ತುಟ್ಟಿ ಆತು ಅಂದೆ."

"ತುಟ್ಟಿ ಅನ್ನಾಕೆ ಹಿಂಗ್ಯಾಕೆ ಒದರಬೇಕು? ನನ್ನ ಜೀವಾನೇ ಹೋತು!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಬೆಲೆಯನ್ನೇನೂ ಇಳಿಸಲಿಲ್ಲ.

ಅದು ಥಾಯ್ ಭಾಷೆ. ಫೇಂಗ್ ಅಂದರೆ ತುಟ್ಟಿ, ಫೇಂಗ್ ಮಾಕ್ ಅಂದರೆ ಭಾಳ ತುಟ್ಟಿ. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದೆಲ್ಲ ಮರೆತು ಹೋಗಿದೆ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಎನ್ನುವುದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆದರೆ ಎಂಬತ್ತರ ದಶಕದ ನಡುವೆ ಕಲಿತ ಒಂದು ಬೊಗಸೆ ಥಾಯ್ ಮಾತುಗಳು ಮಾತ್ರ ಸುಣ್ಣ ಹಚ್ಚಿದ ಗೋಡೆಯ ಮೇಲಿನ ಎಣ್ಣೆ ಕಲೆಯ ಹಾಗೆ ಎಷ್ಟು ಬಳಿದರೂ ಮತ್ತೆ ಮೇಲೆ ಬರುತ್ತವೆ. ಚನ್ನಗಿರಿಯಲ್ಲಿ ಕುಳಿತು ಥಾಯ್ ಯಾಕೆ ಕಲಿತಿರಿ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಕೇಳಿದವರು ಕೊನೆಯವರೆಗೆ ಕೂತು ಕೇಳುವುದಿಲ್ಲ, ಅದೇ ನನ್ನ ಸಿಟ್ಟು. ನೀವಾದರೂ ಕೂತುಕೊಳ್ಳಿ.

ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಮೋಡ ಬಂದರೆ ಕೆಲಸ ಬಿಟ್ಟು ಅಂಗಳಕ್ಕೆ ಬಂದು ನಿಲ್ಲುವ ಸೀಮೆ. ಚನ್ನಗಿರಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಹುಡುಗ ಎಂದು ಗೊತ್ತಾದಾಗ ನಮ್ಮಪ್ಪ ಮತ್ತೇನೂ ವಿಚಾರಿಸಲಿಲ್ಲ. ನೀರೆತ್ತುವ ಯಂತ್ರ ಮಾರುವವರ ಮನೆಯಲ್ಲಿ ಮಗಳು ನೀರಿಗೆ ಅಳುವಂತಿಲ್ಲ ಎನ್ನುವುದು ಅವರ ಲೆಕ್ಕ. ಮದುವೆಯಾದ ಹೊಸದರಲ್ಲಿ ಇವರು ನನ್ನನ್ನು ಸೂಳೆಕೆರೆ ತೋರಿಸಲು ಕರೆದುಕೊಂಡು ಹೋದರು. ಏರಿಯ ಮೇಲೆ ನಿಂತು ನಾನು ಬಾಯಿ ತೆರೆದವಳು ಮುಚ್ಚಲೇ ಇಲ್ಲವಂತೆ. ಇಷ್ಟು ನೀರು ಸುಮ್ಮನೆ ಬಿದ್ದುಕೊಂಡಿದೆಯಲ್ಲ, ಯಾರೂ ಏನೂ ಅನ್ನುವುದಿಲ್ಲವಲ್ಲ ಎಂದು ನನಗೆ ಗಾಬರಿ. ಮನೆಗೆ ಬಂದರೆ ಇನ್ನೊಂದು ಗಾಬರಿ ಕಾದಿತ್ತು. ಸವಳಂಗದವರೆಗೆ ಪಂಪು ಮಾರುವ ಆ ಮನೆಯ ಬಾವಿಗೆ ಪಂಪೇ ಇರಲಿಲ್ಲ. ಹಗ್ಗ ಹಾಕಿ ಸೇದಬೇಕಿತ್ತು. "ಅಂಗಡಿ ಮಾಲು ಮನೆಗೆ ತರಬಾರದು" ಎಂದರು ಇವರು. ಸೇದಿ ಸೇದಿ ನನ್ನ ತೋಳು ಗಟ್ಟಿಯಾದವು.

ಇವರು ಇವರು ಎನ್ನುತ್ತಿದ್ದೇನೆ, ಹೆಸರು ಹೇಳುತ್ತಿಲ್ಲ ಎಂಬುದು ನಿಮ್ಮ ಗಮನಕ್ಕೆ ಬಂದಿರಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ನಮ್ಮಜ್ಜಿಯ ಗಂಡನ ಹೆಸರು ಬೆಳ್ಳಿಯಪ್ಪ. ಅಜ್ಜಿ ಸಾಯುವವರೆಗೂ ಬೆಳ್ಳಿಗೆ "ಬಿಳೇ ಬಂಗಾರ" ಎಂದೇ ಹೇಳಿದಳು. ಮದುವೆ ಮುಂಜಿಗಳಲ್ಲಿ ಒಡಪು ಹಾಕಿ, ಹಾಡಿನ ನಡುವೆ ಬಚ್ಚಿಟ್ಟು ಹೆಸರು ಹೇಳಬಹುದು, ಅದಕ್ಕೆ ದೋಷವಿಲ್ಲ. ಬರಿ ಬಾಯಲ್ಲಿ ಕರೆಯುವಂತಿಲ್ಲ. ಓದಿದವಳು ನಾನು, ಇದಕ್ಕೆಲ್ಲ ನಗುತ್ತಿದ್ದೆ. ಆದರೂ ಹೇಳುತ್ತಿರಲಿಲ್ಲ. ನಗುವುದು ಬೇರೆ, ಹೇಳುವುದು ಬೇರೆ.

ಆಮೇಲೆ ಒಂದು ದಿನ ಇವರು ಅಂಗಡಿಯಲ್ಲಿ ಮೋಟರು ಎತ್ತಿ ಇಡುವಾಗ ಎದೆ ಹಿಡಿದುಕೊಂಡು ಕುಸಿದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದರು. ನೋವು ಬಂದ ಕೂಡಲೇ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಒಂದು ಗುಳಿಗೆ ಕೊಟ್ಟರು. ಇವರಿಗೆ ಮರೆವು, ಶೀಶೆ ನನ್ನ ಚೀಲದಲ್ಲೇ ಇರತೊಡಗಿತು. ಅಲ್ಲಿಂದ ನನ್ನ ನಗು ನಿಂತಿತು. ನಿಜ ಹೇಳುತ್ತೇನೆ, ಹೆಸರನ್ನು ಮನಸ್ಸಿನಲ್ಲಿ ನೆನೆಯುವುದಕ್ಕೂ ಹೆದರುತ್ತಿದ್ದೆ.

ಅದರ ಮರುವರ್ಷವೇ ಪಂಪ್ ಕಂಪನಿಯವರು ಹೆಚ್ಚು ಮಾಲು ಮಾರಿದ ಡೀಲರುಗಳಿಗೆ ದಂಪತಿ ಸಮೇತ ಬ್ಯಾಂಕಾಕ್ ಪ್ರವಾಸ ಎಂದರು. ಊರೂರಿಗೆ ಬೋರ್‌ವೆಲ್ ಲಾರಿ ನುಗ್ಗಿದ ಕಾಲ, ಪಂಪು ಮಂಡಕ್ಕಿಯಂತೆ ಖರ್ಚಾಗುತ್ತಿತ್ತು. ಸುದ್ದಿ ಕೇಳಿ ನಮ್ಮತ್ತೆ ಒಲೆಯ ಮುಂದೆ ಹಾಗೇ ಕೂತುಬಿಟ್ಟರು.

"ಅದು ಎಲ್ಲೈತೋ ಯಪ್ಪಾ?"

"ಸಮುದ್ರದ ಆಚೆ ಐತವ್ವಾ."

"ಸವಳಂಗಕ್ಕೆ ಹೋಗಿ ಬರಾಕೇ ನಿನಗೆ ಏದುಸಿರು. ಸಮುದ್ರ ದಾಟಾಕೆ ಹೋಗ್ತೀಯಾ? ಅಲ್ಲಿ ಏನು ತಿಂತೀರಿ? ಯಾರಿಗೆ ಏನಂತ ಹೇಳ್ತೀರಿ?"

ಏನಂತ ಹೇಳುವುದು ಎಂಬುದಕ್ಕೆ ಕಂಪನಿಯವರೇ ದಾರಿ ಮಾಡಿದ್ದರು. ಟಿಕೇಟಿನ ಜೊತೆಗೆ ಒಂದು ಕ್ಯಾಸೆಟ್ಟು ಬಂತು. ಪ್ರವಾಸ ಹೋಗುವವರಿಗೆ ಬೇಕಾದ ಥಾಯ್ ಮಾತುಗಳೆಲ್ಲ ಅದರಲ್ಲಿ ಇದ್ದವು. ಗಂಡಸೊಬ್ಬ ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಿದ್ದ. ಹೆಂಗಸೊಬ್ಬಳು ಅದನ್ನು ಥಾಯಿಯಲ್ಲಿ ಹೇಳಿ, ನಾವೂ ಹೇಳಲೆಂದು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು. ಟೇಪ್ ರೆಕಾರ್ಡರನ್ನು ನಡುಮನೆಯ ಗೂಡಿನಲ್ಲಿಟ್ಟು ಇವರು ಮೊದಲ ಸಲ ಗುಂಡಿ ಒತ್ತಿದಾಗ, "ಸವಾತ್‌ದೀ ಖಾ" ಎಂದು ಆ ಹೆಂಗಸಿನ ದನಿ ರಾಗವಾಗಿ ಬಂತು. ಆಮೇಲೆ ಮೌನ. ನಾವು ಯಾರೂ ಉಸಿರೆತ್ತಲಿಲ್ಲ. ಅತ್ತೆಗೇ ತಡೆಯಲಾಗಲಿಲ್ಲ.

"ಪಾಪ, ಆಯಮ್ಮ ಕಾಯ್ತಾ ಅದಾಳೆ. ಯಾರಾರ ಏನಾರ ಹೇಳ್ರೋ!"

ಹಾಗೆ ನಮ್ಮ ಪಾಠ ಶುರುವಾಯಿತು. ಇವರು ಕಲಿತದ್ದು ಗಟ್ಟಿಯಾಗಿ, ಅಂಗಡಿಯಲ್ಲಿ, ಗಿರಾಕಿಗಳ ಮೇಲೆ. ಸವಳಂಗದಿಂದ ಫುಟ್‌ವಾಲ್ವ್ ಕೊಳ್ಳಲು ಬಂದ ಮುದುಕನೊಬ್ಬನಿಗೆ ಇವರು ಕೈ ಮುಗಿದು "ಸವಾತ್‌ದೀ ಖಾ" ಎಂದರಂತೆ. ಆತ ಎರಡು ಹೆಜ್ಜೆ ಹಿಂದಕ್ಕೆ ಸರಿದು, "ಸಾವ್ಕಾರ್ರೇ, ಆಸ್ಪತ್ರೆಯಾಗೆ ಪೂರಾ ವಾಸಿ ಮಾಡಿ ಕಳಿಸಿದ್ರೋ ಇಲ್ಲೋ?" ಎಂದನಂತೆ. ನಾನು ಕಲಿತದ್ದು ಅಡಿಗೆಮನೆಯಲ್ಲಿ. ಅನ್ನಕ್ಕೆ ಖಾವ್, ನೀರಿಗೆ ನಾಮ್. ಎಷ್ಟು ಎನ್ನಲು ತಾವ್ ರಾಯ್. ಬೇಡ ಎನ್ನಲು ಮಾಯ್ ಆವ್. ರೊಟ್ಟಿ ಬಡಿಯುತ್ತ ಬಡಿಯುತ್ತ ಮಾಯ್ ಆವ್, ಮಾಯ್ ಆವ್ ಎನ್ನುತ್ತಿದ್ದರೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಬೆಕ್ಕು ಸಾಕಿದಿರೇನ್ರೀ ಎಂದು ಕೇಳಿದರು. ಎಲ್ಲಿದೆ ಎನ್ನುವುದಕ್ಕೆ ಯೂ ತೀ ನಾಯ್. ಪಾಯಿಖಾನೆಗೆ ಹೋಂಗ್ ನಾಮ್. ಹೋಂಗ್ ನಾಮ್ ಯೂ ತೀ ನಾಯ್ ಎಂಬ ಪೂರ್ತಿ ವಾಕ್ಯ ನನಗೆ ಪಂಚಾಕ್ಷರಿಯಷ್ಟು ಬಾಯಿಪಾಠವಾಯಿತು. ಪರಸ್ಥಳದಲ್ಲಿ ಹೆಂಗಸಿಗೆ ಅದಕ್ಕಿಂತ ಮುಖ್ಯವಾದ ಮಾತು ಇಲ್ಲ.

"ಖುನ್ ಛೂ ಅರಾಯ್" ಎಂಬ ಪಾಠ ಬಂದ ದಿನ ಮಾತ್ರ ಮನೆಯಲ್ಲಿ ಸಣ್ಣ ಜಗಳವಾಯಿತು. ನಿಮ್ಮ ಹೆಸರೇನು ಎಂದು ಅರ್ಥ ಎಂದು ಮೈದುನ ಹೇಳಿದ. ಅತ್ತೆ ಸೆರಗು ಸರಿ ಮಾಡಿಕೊಂಡು, "ನನ್ನ ಹೆಸರು ತಗೊಂಡು ಅವಳಿಗೇನಾಗಬೇಕೋ? ಹೇಳಬ್ಯಾಡ್ರಿ ಯಾರೂ!" ಎಂದು ಗುಂಡಿ ಒತ್ತಿ ನಿಲ್ಲಿಸಿಬಿಟ್ಟರು.

ದೊಡ್ಡ ಆಘಾತ ಆಗಿದ್ದು ಕ್ಯಾಸೆಟ್ಟಿನ ಎರಡನೆಯ ಬದಿಗೆ ಬಂದಾಗ. ಹೊರಡುವ ದಿನ ಹತ್ತಿರ ಬಂದಿತ್ತು. ಕರೆಂಟು ದಿನಕ್ಕೆ ಅಷ್ಟೋ ಇಷ್ಟೋ ಇರುತ್ತಿದ್ದುದರಿಂದ ಮೊದಲ ಬದಿಯೇ ತಿಂಗಳು ಹಿಡಿದಿತ್ತು. ಇವರು ಕ್ಯಾಸೆಟ್ಟು ತಿರುವಿ ಹಾಕಿದರು. ಗಂಡಸು ಇಂಗ್ಲಿಷಿನಲ್ಲಿ, ಈಗ ನೀವು ದಾರಿ ತಪ್ಪಿದರೆ ಏನು ಹೇಳಬೇಕೆಂದು ಕಲಿಯೋಣ ಎಂದ. ನಾವು ಮುಂದಕ್ಕೆ ಬಾಗಿದೆವು. ಕರ್‌ ಎಂದು ಸದ್ದಾಗಿ, ಝಲ್ಲೆಂದು ತಾಳ ಬಡಿಯಿತು. ನಮ್ಮ ಬೀದಿಯ ಭಜನಾ ಮಂಡಳಿ! ಎಲ್ಲರಿಗಿಂತ ಮೇಲೆ ಅತ್ತೆಯ ದನಿ. ಮೈದುನ ಒಂದು ಸೋಮವಾರ ಅತ್ತೆಯ ಒತ್ತಾಯಕ್ಕೆ, ಖಾಲಿ ಕ್ಯಾಸೆಟ್ಟು ಸಿಗದೆ, ಇದರ ಮೇಲೆಯೇ ಭಜನೆ ತುಂಬಿಸಿದ್ದ. ಇವರು ತಲೆಯ ಮೇಲೆ ಕೈ ಹೊತ್ತು ಕೂತರು.

"ಹೋತು! ದಾರಿ ತಪ್ಪಿದರೆ ಏನಂತ ಕೇಳಾದು ಈಗ?"

"ದಾರಿ ಯಾಕೆ ತಪ್ತೀರಿ?" ಎಂದರು ಅತ್ತೆ, ಒಂದಿಷ್ಟೂ ಅಳುಕದೆ. "ಗೌರಿ ನಿನ್ನ ಹಿಂದೆ ಬರ್ತಾಳೆ. ನೀನು ನೆಟ್ಟಗೆ ನಡಿ, ಅಷ್ಟೆ."

ಅತ್ತೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾವು ನಡೆಯುತ್ತಿದ್ದುದೇ ಹಾಗೆ. ಗಂಡ ಮುಂದೆ, ಒಂದಷ್ಟು ದೂರ ಬಿಟ್ಟು ಹೆಂಡತಿ ಹಿಂದೆ. ಜೊತೆಜೊತೆಗೆ ನಡೆದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಏನೆಂದುಕೊಂಡಾರು? ಇವರು ಹಿಂದಿರುಗಿ ನೋಡದೆ ಗಾಳಿಗೆ ಮಾತಾಡುತ್ತ ಹೋಗುವುದು, ನಾನು ಹಿಂದಿನಿಂದ ಹ್ಞೂಂ ಎನ್ನುತ್ತ ಬರುವುದು. ಚನ್ನಗಿರಿಯಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಾನು ನಡುವೆ ನಿಂತು ಸೊಪ್ಪು ಕೊಂಡು, ಯಾರದೋ ಮನೆಯ ಬಾಣಂತಿಯನ್ನು ವಿಚಾರಿಸಿಕೊಂಡು ಬಂದರೂ ಇವರ ಮಾತು ಇನ್ನೂ ಮುಗಿದಿರುತ್ತಿರಲಿಲ್ಲ.

ಬ್ಯಾಂಕಾಕಿನಲ್ಲಿ ಇಳಿದದ್ದು ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆಯ ಡೀಲರುಗಳು, ಅವರವರ ಹೆಂಡಿರು, ಮತ್ತು ರೊಟ್ಟಿ ಚಟ್ನಿಪುಡಿಯ ಗಂಟುಗಳು. ಗಂಡಸರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಹೊನ್ನಾಳಿಯವರೇ, ನೀರು ಬಂತೇನ್ರೀ ನಿಮ್ಮ ರೂಮಿಗೆ?" "ಬಂತು ಚನ್ನಗಿರಿಯವರೇ, ಬಿಸಿನೀರೂ ಬಂತು!" ಹೋಟೆಲಿನ ಹುಡುಗಿಯ ಮುಂದೆ ಇವರು ಕೈ ಮುಗಿದು ಸವಾತ್‌ದೀ ಖಾ ಎಂದಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಖಾ ಎನ್ನುವುದು ಹೆಂಗಸರ ಮಾತಂತೆ. ಕ್ಯಾಸೆಟ್ಟಿನ ಹೆಂಗಸಿನಿಂದ ಕಲಿತ ನಮ್ಮ ಕಡೆಯ ಡೀಲರುಗಳೆಲ್ಲ, ಮೀಸೆ ಹೊತ್ತುಕೊಂಡು, ಹೆಂಗಸರ ಹಾಗೆ ನಮಸ್ಕಾರ ಹೇಳುತ್ತಿದ್ದರು. ಅದೇ ಹುಡುಗಿ ಇವರನ್ನು ತೋರಿಸಿ ನನ್ನನ್ನು "ಸಾಮೀ?" ಎಂದು ಕೇಳಿದಳು. ನಾನು ಬೆಚ್ಚಿದೆ. ಎದೆನೋವು ಬಂದ ಮೇಲೆ ಇವರು ದಿನಾ ವಿಭೂತಿ ಹಚ್ಚುತ್ತಿದ್ದುದು ನಿಜ, ಆದರೆ ಸನ್ಯಾಸಿ ಎಂದುಕೊಳ್ಳುವಷ್ಟಿರಲಿಲ್ಲ. ಅಲ್ಲಿ ಗಂಡನಿಗೆ ಸಾಮೀ ಎನ್ನುತ್ತಾರೆ ಎಂದು ಗೈಡು ಹೇಳಿದ. ಹೊನ್ನಾಳಿಯವರ ಹೆಂಡತಿ ಶಾರದಕ್ಕನೂ ನಾನೂ ಅದನ್ನು ಹೇಳಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಮಾರನೆಯ ದಿನ ನಮ್ಮನ್ನೆಲ್ಲ ಒಂದು ದೊಡ್ಡ ಸಂತೆಗೆ ಕರೆದುಕೊಂಡು ಹೋಗಿ, ಮಧ್ಯಾಹ್ನ ಊಟಕ್ಕೆ ಬಸ್ಸಿನ ಹತ್ತಿರ ಬನ್ನಿ ಎಂದು ಬಿಟ್ಟರು. ಸಂತೆ ಎಂದರೆ ನಮ್ಮ ಸಂತೆಯಂಥದಲ್ಲ. ತಗಡಿನ ಮಾಡಿನ ಕೆಳಗೆ ಓಣಿಯೊಳಗೆ ಓಣಿ. ಒಂದು ಕಡೆ ಹಾವು, ಒಂದು ಕಡೆ ಹೂವು. ಹುರಿದ ಮಿಡತೆಯನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದುದನ್ನು ಕಂಡು ನಾನು ಶಿವಶಿವಾ ಎಂದು ಸೆರಗು ಮೂಗಿಗೆ ಹಿಡಿದೆ. ಇವರು ಎಂದಿನಂತೆ ಮುಂದೆ. "ನಮ್ಮ ಚನ್ನಗಿರಿ ಸಂತೇಲಿ ಹಿಂಗೆ ಮಾಡು ಹಾಕಿಸಿದ್ರೆ ಹೆಂಗಿರ್ತೈತೆ ನೋಡು" ಎನ್ನುತ್ತ ಹೋಗುತ್ತಿದ್ದರು. ನಾನು ಹ್ಞೂಂ ಎಂದೆ.

ಅಷ್ಟರಲ್ಲಿ ಒಂದು ಹೆಂಗಸು ಎತ್ತರದ ಒರಳಿನಲ್ಲಿ ಏನೋ ಕುಟ್ಟುತ್ತಿದ್ದುದು ಕಂಡಿತು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ. ಇದು ನಮ್ಮ ಚಟ್ನಿಯೇ ಎಂದು ನನ್ನ ಕಾಲು ನಿಂತವು. ಆಮೇಲೆ ಆಕೆ ಅದಕ್ಕೆ ಪರಂಗಿಕಾಯಿ ಹೆರೆದು ಹಾಕಿದಳು. ಹಸಿ ಪರಂಗಿಕಾಯಿ! ನಮ್ಮಲ್ಲಿ ಬಸುರಿಯರ ಕಣ್ಣಿಗೆ ಬೀಳದಂತೆ ಮುಚ್ಚಿಡುವ ಕಾಯಿ. ಆಕೆ ನನ್ನ ಬೆರಗು ನೋಡಿ ನಕ್ಕಳು, ನಾನೂ ನಕ್ಕೆ. ತಲೆ ಎತ್ತಿದರೆ ಇವರ ಬಿಳಿ ಅಂಗಿ ಇಲ್ಲ.

ದೂರದಲ್ಲಿ ಒಂದು ಬಿಳಿ ಅಂಗಿ ಕಂಡಿತು. ಓಡಿ ಹೋಗಿ ಹಿಂದೆ ನಿಂತು ಹ್ಞೂಂ ಎಂದೆ. ಅಂಗಿ ತಿರುಗಿತು. ಯಾರೋ ಅಪರಿಚಿತ ಮುದುಕ. ಅವನೂ ಬೆಚ್ಚಿದ, ನಾನೂ ಬೆಚ್ಚಿದೆ. ಆಗ ನನ್ನ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಗುಳಿಗೆಯ ಶೀಶೆ ಬೆರಳಿಗೆ ತಾಕಿತು. ಇವರು ಎಲ್ಲೋ ಆ ಬಿಸಿಲಿನಲ್ಲಿ, ಆ ನೂಕುನುಗ್ಗಲಿನಲ್ಲಿ ಒಬ್ಬರೇ, ಗುಳಿಗೆ ಇಲ್ಲಿ. ಜೀವ ಬಾಯಿಗೆ ಬಂತು ಎನ್ನುತ್ತಾರಲ್ಲ, ಅದು ಏನೆಂದು ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

ಯಾರನ್ನಾದರೂ ಕೇಳಬೇಕು. ಏನಂತ ಕೇಳಲಿ? ದಾರಿ ತಪ್ಪಿದವರ ಪಾಠವೆಲ್ಲ ಅತ್ತೆಯ ತಾಳದ ಕೆಳಗೆ ಹೂತು ಹೋಗಿತ್ತು. ಎಲ್ಲಿದೆ ಎನ್ನುವ ಒಂದೇ ವಾಕ್ಯ ನನಗೆ ಬರುತ್ತಿದ್ದುದು. ಗಾಬರಿಯಲ್ಲಿ ಅದನ್ನೇ ಪೂರ್ತಿಯಾಗಿ ಹೇಳಿಬಿಟ್ಟೆ. ಒಬ್ಬ ಪುಣ್ಯಾತ್ಗಿತ್ತಿ ನನ್ನ ಕೈ ಹಿಡಿದು ಓಡುತ್ತ ಕರೆದೊಯ್ದು ಪಾಯಿಖಾನೆಯ ಮುಂದೆ ನಿಲ್ಲಿಸಿದಳು. ನಾನು ತಾಳಿಯನ್ನು ಎತ್ತಿ ತೋರಿಸಿ "ಯೂ ತೀ ನಾಯ್?" ಎಂದೆ. ಆಕೆ ತಾಳಿಯ ಗುಂಡುಗಳನ್ನು ಮುಟ್ಟಿ ನೋಡಿ ಅಕ್ಕಸಾಲಿಗರ ಅಂಗಡಿಯತ್ತ ಕೈ ತೋರಿದಳು. ಆಗ ಹೋಟೆಲಿನ ಹುಡುಗಿ ನೆನಪಾದಳು. "ಸಾಮೀ! ಸಾಮೀ ಯೂ ತೀ ನಾಯ್?" ಎಂದು ಕೂಗಿ ಅತ್ತೇಬಿಟ್ಟೆ. ಆಕೆಯ ಮುಖ ಬದಲಾಯಿತು. ಏನೋ ಸಮಾಧಾನ ಹೇಳುತ್ತ ನನ್ನನ್ನು ಸಂತೆಯ ನಡುವೆ ಕಟ್ಟೆಯ ಮೇಲಿದ್ದ ಒಂದು ಸಣ್ಣ ಚೌಕಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಪೊಲೀಸನಿದ್ದ, ಮುಂದೆ ಮೈಕು ಇತ್ತು. ಸಂತೆಯ ಕಂಬಕಂಬಕ್ಕೂ ಧ್ವನಿವರ್ಧಕ ಕಟ್ಟಿದ್ದರು.

ಪೊಲೀಸ ನನಗೆ ನೀರು ಕೊಟ್ಟು ಮೆಲ್ಲಗೆ ಕೇಳಿದ. "ಸಾಮೀ ಛೂ ಅರಾಯ್?"

ನನಗೆ ಮೊದಲಿಂದ ಕೊನೆಯವರೆಗೆ ಅರ್ಥವಾಯಿತು. ಕ್ಯಾಸೆಟ್ಟಿನಿಂದ ಕಲಿತ ಭಾಷೆ ಅಷ್ಟು ಚೊಕ್ಕವಾಗಿ ಅರ್ಥವಾದದ್ದು ಅದೊಂದೇ ಸಲ. ಅರ್ಥವಾಗದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ನಿಮ್ಮ ಗಂಡನ ಹೆಸರೇನು? ನಾನು ತಲೆ ಅಲ್ಲಾಡಿಸಿ, ಗೊತ್ತಿದ್ದ ಒಂದೇ ನಕಾರ ಹೇಳಿದೆ. "ಮಾಯ್ ಆವ್." ಬೇಡ. ಪೊಲೀಸ ಬೆಕ್ಕಸ ಬೆರಗಾದ. ಗಂಡ ಕಳೆದುಹೋದ ಎಂದು ಅಳುತ್ತ ಬಂದವಳು, ಹೆಸರು ಕೇಳಿದರೆ ಬೇಡ ಎನ್ನುತ್ತಾಳೆ! ಅವನು ಇನ್ನೊಮ್ಮೆ ಕೇಳಿದ. ನಾನು ಇನ್ನೊಮ್ಮೆ ಮಾಯ್ ಆವ್ ಎಂದೆ. ಕೊನೆಗೆ ಅವನು ಮೈಕನ್ನೇ ನನ್ನ ಮುಖದ ಮುಂದೆ ತಿರುಗಿಸಿ, ನೀನೇ ಕರೆದುಕೋ ತಾಯಿ ಎನ್ನುವಂತೆ ಕೈ ಮಾಡಿದ.

ನಾನು ಇವರನ್ನು ಜೀವಮಾನದಲ್ಲಿ ಹೇಗೆ ಕರೆದಿದ್ದೆನೋ ಹಾಗೆಯೇ ಕರೆದೆ. "ಏನ್ರೀ! ಏನ್ರೀ, ನಾನು ಇಲ್ಲಿದೀನಿ! ಲಗೂನ ಬರ್ರೀ!"

ಬಂದರು. ಮೊದಲು ಹೊನ್ನಾಳಿಯವರು, ಕೈಯಲ್ಲಿ ಅರ್ಧ ತಿಂದ ಅನಾನಸು. ಹಿಂದೆಯೇ ಜಗಳೂರಿನವರು, ಕೊಳ್ಳಲು ಕೈಯಲ್ಲಿ ಹಿಡಿದಿದ್ದ ಛತ್ರಿಯನ್ನು ಅಂಗಡಿಗೆ ವಾಪಸು ಕೊಡುವುದಕ್ಕೂ ನಿಲ್ಲದೆ. ಅವರ ಹಿಂದೆ ಕುಂಟುತ್ತ ನ್ಯಾಮತಿಯವರು. ಆಮೇಲೆ ಮತ್ತೊಬ್ಬರು, ಮತ್ತೊಬ್ಬರು. ನಮ್ಮ ಬಸ್ಸಿನ ಗಂಡಂದಿರೆಲ್ಲ ಏದುಸಿರು ಬಿಡುತ್ತ ಬಂದು ನನ್ನ ಮುಂದೆ ನಿಂತರು. ನನ್ನ ಮುಖ ಕಂಡು ಒಬ್ಬೊಬ್ಬರೂ ಅಲ್ಲಲ್ಲೇ ಕಂಬವಾದರು.

"ಅಯ್ಯ, ನೀವೇನವ್ವಾ? ನಮ್ಮಾಕೆ ಕರೆದ್ಲು ಅಂತ ಓಡಿ ಬಂದೆ!"

"ನಾನೂ ಹಂಗೇ ಅಂದ್ಕೊಂಡೆ ಕಣ್ರೀ. ದನಿ ಕೇಳಿದ್ರೆ ಥೇಟು ನಮ್ಮಾಕೇನೇ!"

ಪೊಲೀಸ ಸಾಲಾಗಿ ನಿಂತ ಗಂಡಸರನ್ನು ನೋಡಿದ, ನನ್ನನ್ನು ನೋಡಿದ. "ಸಾಮೀ?" ಎಂದು ಒಬ್ಬೊಬ್ಬರ ಕಡೆಗೂ ಬೆರಳು ತೋರಿಸಿದ. ನಾನು ಒಬ್ಬೊಬ್ಬರಿಗೂ ತಲೆ ಅಲ್ಲಾಡಿಸಿ ಮಾಯ್ ಆವ್ ಎಂದೆ. ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. ಎಲ್ಲರ ಗಂಡಂದಿರೂ ಬಂದಿದ್ದರು, ನನ್ನವರೊಬ್ಬರು ಬಿಟ್ಟು.

ಹೊನ್ನಾಳಿಯವರು ಮೈಕು ಇಸಿದುಕೊಂಡರು. ಇನ್ನೊಬ್ಬರ ಹೆಂಡತಿ ಇಲ್ಲಿದ್ದಾಳೆ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಲು ಅವರಿಗೆ ಸಂಕೋಚ. "ಚನ್ನಗಿರಿಯವರೇ! ಬಸ್ಸು ಹೊರಡಾಕೆ ಆತು, ಬರ್ರೀ!" ಎಂದರು. ಕಾದೆವು. ಬರಲಿಲ್ಲ. ಮತ್ತೆ ಕೂಗಿದರು. ಇಲ್ಲ. ಅವರು ನನ್ನ ಕಡೆ ತಿರುಗಿ, "ಅವರ ಹೆಸರೇನವ್ವಾ? ನಾವು ಚನ್ನಗಿರಿಯವರು ಅಂತಲೇ ಕರಿಯಾದು. ಹೆಸರು ಕೇಳೇ ಇಲ್ಲ ನೋಡ್ರಿ" ಎಂದರು. ನಾನು ಸೆರಗು ಬಾಯಿಗಿಟ್ಟುಕೊಂಡೆ.

ಅಷ್ಟರಲ್ಲಿ ಶಾರದಕ್ಕ ಬಂದಳು. ನೋಡಿದ ಕೂಡಲೇ ಅವಳಿಗೆ ಎಲ್ಲ ಗೊತ್ತಾಯಿತು. "ಅವರನ್ನ ಯಾಕೆ ಕಾಡ್ತೀರಿ, ನಾನು ಹೇಳ್ತೀನೇನು ನಿಮ್ಮ ಹೆಸರು?" ಎಂದು ಗಂಡನನ್ನು ಗದರಿಕೊಂಡು, ನನ್ನ ಕಿವಿಯಲ್ಲಿ, "ಗೌರಕ್ಕಾ, ಒಡಪು ಹಾಕಿ ಹೇಳ್ರಿ. ದೋಷ ಇಲ್ಲ. ಮೈಕಿನಾಗೆ ಹಾಡಿಬಿಡ್ರಿ" ಎಂದಳು.

ಮದುವೆಯಲ್ಲಿ ಹೇಳಿದ ಒಡಪು ನೆನಪಿಸಿಕೊಳ್ಳಲು ಹೋದೆ. ತಾಟು ಎಂಬ ಮಾತಿನಿಂದ ಶುರುವಾಗುತ್ತಿತ್ತೋ, ತೋಟ ಎಂಬುದರಿಂದಲೋ. ತಲೆಯಲ್ಲಿ ಖಾವ್, ನಾಮ್, ತಾವ್ ರಾಯ್ ಬಿಟ್ಟು ಏನೂ ಇರಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಎಲ್ಲರೂ ಬಂದರು, ಇವರೊಬ್ಬರೇ ಬರಲಿಲ್ಲ ಎಂದರೆ ಏನರ್ಥ? ಎಲ್ಲಾದರೂ ಎದೆ ಹಿಡಿದು ಕೂತಿರಬಹುದೇ? ಹೆಸರು ಹೇಳಿದರೆ ಆಯುಷ್ಯ ಕಡಿಮೆ. ಹೇಳದೆ ಇದ್ದರೆ ಗುಳಿಗೆ ನನ್ನ ಚೀಲದಲ್ಲೇ ಉಳಿಯುತ್ತದೆ. ಮೊದಲು ಇವತ್ತು ಉಳಿಯಲಿ ಎಂದುಕೊಂಡೆ. ಹೊನ್ನಾಳಿಯವರ ಕೈಯಿಂದ ಮೈಕು ಕಿತ್ತುಕೊಂಡೆ.

"ಹಾಲೇಶಪ್ಪಾ! ಹಾಲೇಶಪ್ಪಾ! ನಾನು ಇಲ್ಲಿದೀನಿ! ಬಾ!"

ಬರ್ರೀ ಎನ್ನಲಿಲ್ಲ, ಬಾ ಎಂದೆ. ಹೆಸರಿನ ಜೊತೆಗೆ ಮರ್ಯಾದೆಯೂ ಹೋಗಿತ್ತು. ಕಂಬಕಂಬದಿಂದಲೂ ಇವರ ಹೆಸರು ತಿರುಗಿ ನನ್ನ ಕಿವಿಗೇ ಬಂದು ಬಡಿಯಿತು. ಹೊನ್ನಾಳಿಯವರು ಅನಾನಸನ್ನು ಕೆಳಗೆ ಬಿಟ್ಟರು. ನ್ಯಾಮತಿಯವರು ನೆಲ ನೋಡಿದರು. ಶಾರದಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಕಾಯಬೇಕಾದವಳೇ ಯಮನಿಗೆ ಕೂಗಿ ವಿಳಾಸ ಹೇಳಿಬಿಟ್ಟೆನಲ್ಲ ಎನಿಸಿತು.

ಇವರು ಬಂದರು. ಓಡಿ ಬರಲಿಲ್ಲ. ಅಂಗಡಿಯ ಕಂಬಗಳನ್ನು ಒಂದೊಂದಾಗಿ ಹಿಡಿದುಕೊಂಡು, ಸುಣ್ಣದಂತೆ ಬಿಳಿಚಿದ ಮುಖದಲ್ಲಿ ಮೆಲ್ಲಗೆ ಬಂದು ಕಟ್ಟೆಯ ಮೇಲೆ ಕೂತರು. ನಾನು ಶೀಶೆ ಬಿಚ್ಚಿ, ಬಾಯಿ ತೆರೆಸಿ, ನಾಲಿಗೆಯ ಕೆಳಗೆ ಗುಳಿಗೆ ಇಟ್ಟೆ. ಪೊಲೀಸ ಗಾಳಿ ಬೀಸಿದ. ಗುಳಿಗೆ ಕರಗುವವರೆಗೂ ಇವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಬಸ್ಸು ಅಂತ ಕೂಗಿದ್ದು ಕೇಳಲಿಲ್ಲೇನ್ರೀ?" ಎಂದರು ಹೊನ್ನಾಳಿಯವರು.

"ಕೇಳ್ತು. ಇವಳು ಸಿಕ್ಕಿರಲಿಲ್ಲ, ಬಸ್ಸು ಹತ್ತಾಕೆ ಹೆಂಗೆ ಬರಲಿ? ಹೋದ್ರೆ ಹೋಗ್ಲಿ ಅಂತ ಅಲ್ಲೇ ಕೂತೆ."

"ಅದಕ್ಕೂ ಮೊದಲು ನಾನು ಏನ್ರೀ ಅಂತ ಕರೆದೆನಲ್ರೀ!" ಎಂದೆ.

"ಯಾರೋ ಅವರ ಮನೆಯವರನ್ನ ಕರೀತಾ ಅದಾರೆ ಅಂದ್ಕೊಂಡೆ. ನೀನು ಅಷ್ಟು ಜೋರಾಗಿ ಯಾವತ್ತು ಕರೆದಿದ್ದೆ? ನಿನ್ನ ದನಿ ಅಂತ ಗೊತ್ತೇ ಆಗಲಿಲ್ಲ." ದನಿ ತಗ್ಗಿಸಿ ಹೇಳಿದರು. "ಆಮೇಲೆ ಹೆಸರು ಕೇಳ್ತು. ನಾನು ಸತ್ತೆ ಅಂದ್ಕೊಂಡೆ ಕಣೇ."

"ಥೂ, ಬಿಡ್ತು ಅನ್ರಿ!"

"ಅಲ್ಲ ಕಣೇ. ನಮ್ಮವ್ವ ನಮ್ಮಪ್ಪನ ಹೆಸರು ಹೇಳಿದ್ದು ಒಂದೇ ಸಲ. ಹೆಣ ಎತ್ತೋವಾಗ. ಹೆಸರು ಹಿಡಿದು ಕೂಗಿ ಕೂಗಿ ಅತ್ಲು. ನಾನು ಆಗ ಪಕ್ಕದಾಗೇ ನಿಂತಿದ್ದೆ. ಈಗ ನಿನ್ನ ಬಾಯಾಗೆ ನನ್ನ ಹೆಸರು ಕೇಳಿದ್ನೋ ಇಲ್ವೋ, ಮುಗೀತು, ಇಲ್ಲೇ ಎಲ್ಲೋ ಬಿದ್ದಿದೀನಿ, ಇವಳು ಅಳ್ತಾ ಅದಾಳೆ ಅಂತ ಅನ್ಸಿಬಿಡ್ತು. ಕೈ ಚಿವುಟಿ ನೋಡ್ಕೊಂಡೆ. ನೋವಾತು. ಆಮೇಲೆ ಎದ್ದು ಬಂದೆ."

ತೋರಿಸಿದರು. ಮುಂಗೈ ಮೇಲೆ ಕೆಂಪಗೆ ಗುರುತು ಎದ್ದಿತ್ತು. ನನಗೆ ಅಳು ತಡೆಯಲಿಲ್ಲ. ಅಷ್ಟು ಜನ ಗಂಡಸರ ಮುಂದೆ, ನಾಚಿಕೆ ಬಿಟ್ಟು, ಅವರ ಮುಂಗೈ ಉಜ್ಜುತ್ತ ಕೂತೆ. ಪಾಪದ ಕೆಲಸ ಮಾಡಿದೆ, ಊರಿಗೆ ಹೋದ ಕೂಡಲೇ ರುದ್ರಾಭಿಷೇಕ ಮಾಡಿಸೋಣ ಎಂದೆ.

"ಮಾಡಿಸು, ಬ್ಯಾಡ ಅನ್ನಲ್ಲ" ಎಂದರು. "ಆದರೆ ನಮ್ಮಪ್ಪಗೆ ಅದು ಕೇಳಿಸಲೇ ಇಲ್ಲ ನೋಡು. ನಾನು ಕೇಳಿದೆ."

ರುದ್ರಾಭಿಷೇಕ ಮಾಡಿಸಿದೆ. ಆಯುಷ್ಯ ಎಷ್ಟು ಕಡಿಮೆಯಾಯಿತೋ ನನಗೆ ಗೊತ್ತಿಲ್ಲ. ಆಮೇಲೂ ಇವರು ಬಹಳ ವರ್ಷ ಇದ್ದು, ಮಕ್ಕಳ ಮದುವೆಯನ್ನೆಲ್ಲ ಮುಗಿಸಿ, ಒಂದು ಬೆಳಿಗ್ಗೆ ಕಾಫಿ ಕುಡಿದು ಹಾಗೆಯೇ ಒರಗಿದರು. ಹೆಣವನ್ನು ನಡುಮನೆಯಲ್ಲಿ ಕೂರಿಸಿದಾಗ ಓಣಿಯ ಹೆಂಗಸರೆಲ್ಲ ಸುತ್ತ ನೆರೆದರು. ನಾನು ಅಳುತ್ತಿದ್ದೆ. ಎತ್ತುವ ಹೊತ್ತಾಯಿತು ಎಂದಾಗ ಒಬ್ಬ ಹಿರಿಯಳು ನನ್ನ ಬೆನ್ನು ಸವರಿ, "ಹೆಸರು ಹಿಡಿದು ಅತ್ತುಬಿಡವ್ವಾ. ಇನ್ನು ದೋಷ ಇಲ್ಲ. ಎದೆ ಹಗುರಾಗ್ತೈತೆ" ಎಂದಳು. ಎಲ್ಲರೂ ಕಾದರು. ನಾನು ಹೇಳಲಿಲ್ಲ. ಎಂಥಾ ಕಲ್ಲು ಮನಸ್ಸಿನಾಕೆ ಎಂದು ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅವರಿಗೆ ಏನು ಗೊತ್ತು! ಕೇಳಬೇಕಾದವರು ಬದುಕಿದ್ದಾಗಲೇ ಕೇಳಿಸಿಕೊಂಡು, ಎದ್ದು ಬಂದಿದ್ದರು.